ನಿಂತ ವಾಹನ ಮತ್ತು ಇಲಿಯ ಸಂಸಾರ

(ಧಾರವಾಡದ ಮಾಳಮಡ್ಡಿಯಲ್ಲಿ, ಮಲೆನಾಡಿನ ಕೃಷಿಕರು ಮತ್ತು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಭಾದ್ರಪದ ಶುದ್ಧ ಚೌತಿಯಂದು ಗಣಪತಿಯ ಪೂಜೆ. ಅದರ ಮರುದಿನ ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ, ವಿಶೇಷವಾಗಿ ನೇಕಾರರ ಮನೆಗಳಲ್ಲಿ, ಇಲಿವಾರ. ಅಂದು ಗಣಪನ ವಾಹನವಾದ ಇಲಿಗೆ ಪೂಜೆ ಸಲ್ಲುತ್ತದೆ. ಕತ್ತರಿಯು ಬಟ್ಟೆಯನ್ನು ಮುಟ್ಟುವುದಿಲ್ಲ. ನೂಲನ್ನೂ ಬಟ್ಟೆಯನ್ನೂ ಕಡಿಯಬೇಡವೆಂದು ಮನುಷ್ಯನು ಇಲಿಯೊಡನೆ ಮಾಡಿಕೊಂಡ ಒಪ್ಪಂದವಿದು. ಒಪ್ಪಂದವನ್ನು ಮನುಷ್ಯ ಒಂದು ದಿನದ ಮಟ್ಟಿಗಾದರೂ ಪಾಲಿಸುತ್ತಾನೆ. ಇಲಿ ಅಷ್ಟನ್ನೂ ಪಾಲಿಸುವುದಿಲ್ಲ.

ಅದೇ ಚೌತಿಯ ಹೊತ್ತಿಗೆ ಗಣಪನ ವಾಹನವು ಮನುಷ್ಯನ ವಾಹನವನ್ನು ಏರಿ ಕುಳಿತಿರುತ್ತದೆ. ರೈಲು ನಿಲ್ದಾಣದ ಮಗ್ಗುಲಿನ ಈ ಮಾಳಮಡ್ಡಿಯಂಥ ಹಳೆಯ ಬಡಾವಣೆಯಲ್ಲಿ ಹಿತ್ತಲು, ಮರ, ಗಟಾರ, ಹೆಂಚಿನ ಮಾಡು ಒಂದಕ್ಕೊಂದು ತಾಗಿಕೊಂಡಿರುತ್ತವೆ. ಪ್ರವಾಸಕ್ಕೆಂದೇ ಇಟ್ಟುಕೊಂಡ ಟೆಂಪೊ ಟ್ರಾವೆಲರ್, ಹಳೆಯ ವ್ಯಾನು, ಇತ್ತೀಚಿನ ವರ್ಷಗಳಲ್ಲಿ ಹಾಸಿಗೆ ಮತ್ತು ಒಲೆಯನ್ನು ಒಳಗೇ ಅಳವಡಿಸಿಕೊಂಡ ಕ್ಯಾರವಾನ್, ಇವೆಲ್ಲ ಮೃಗಶಿರಾ ಮಳೆ ಹಿಡಿದಾಗ ಮರದ ಕೆಳಗೆ ನಿಂತರೆ ಮತ್ತೆ ಹೊರಡುವುದು ದಸರೆಯ ರಜೆಗೆ. ಬನವಾಸಿಗೋ ಯಾಣಕ್ಕೋ ದಾಂಡೇಲಿಗೋ ಹೊರಡಲೆಂದು ಬಾಗಿಲು ತೆರೆದಾಗ ಮೂತ್ರದ ಘಾಟು ಮುಖಕ್ಕೆ ಹೊಡೆಯುತ್ತದೆ. ಆಸನದ ಸ್ಪಂಜು ಪುಡಿಯಾಗಿರುತ್ತದೆ, ಕಿಟಕಿಯ ಪರದೆ ಜಾಳಾಗಿರುತ್ತದೆ, ತಂತಿಗಳ ಹೊದಿಕೆ ಕಳಚಿ ತಾಮ್ರ ಹೊಳೆಯುತ್ತಿರುತ್ತದೆ. ಆಗ ಮನೆಯವರು ಮಾಡುವ ಮೊದಲ ಕೆಲಸವೆಂದರೆ ಅಂಗಡಿಯಿಂದ ಇಲಿಪಾಷಾಣ ತರುವುದು. ಆ ಮೊದಲ ಕೆಲಸ ಏಕೆ ತಪ್ಪು, ಅದರ ಬದಲು ಏನು ಮಾಡಬೇಕು ಎಂಬುದೇ ಇಂದಿನ ವಿಷಯ.

ಬಂದವರು ಯಾರು?

ಓಡಿಸುವ ಮೊದಲು ಗುರುತಿಸಬೇಕು. ವಾಹನದೊಳಗೆ ಸಂಸಾರ ಹೂಡುವುದು ಸಾಮಾನ್ಯವಾಗಿ ಎರಡು ಜಾತಿ: ಮನೆಯ ಚಿಟ್ಟಿಲಿ ಮತ್ತು ಮರ ಹತ್ತುವ ಕಪ್ಪು ಇಲಿ. ಹೆಗ್ಗಣವು ಗಟಾರದ ಬದಿಯಲ್ಲಿ ಬಿಲ ತೋಡುವ ಪ್ರಾಣಿ. ಅದು ಎಂಜಿನ್ನಿನ ಬಳಿಗೆ ಬಂದು ತಂತಿ ಕಡಿದು ಹೋಗಬಹುದು, ಆದರೆ ಅಲ್ಲಿ ನೆಲೆಸುವುದು ವಿರಳ. ಉದ್ದ ಮೂತಿಯ, ಕಟುವಾಸನೆಯ ಸೊಂಡಿಲಿಯಂತೂ ಇಲಿಯ ವರ್ಗಕ್ಕೆ ಸೇರಿದ್ದೇ ಅಲ್ಲ. ಅದು ಹುಳುಹುಪ್ಪಟೆ ತಿನ್ನುವ ಜೀವಿ. ಅದನ್ನು ಕಂಡರೆ ಬಾಗಿಲು ತೆರೆದು ಹೊರಗೆ ದಾರಿ ಮಾಡಿಕೊಟ್ಟರೆ ಸಾಕು.

ಇಲಿಯ ಬಾಚಿಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಕಡಿಯುವುದು ಅದರ ಹುಟ್ಟುಗುಣ. ಹಸಿವು ಅದಕ್ಕೆ ಕಾರಣವಾಗಬೇಕಿಲ್ಲ. ಹೊಸ ವಾಹನಗಳ ತಂತಿಯ ಹೊದಿಕೆಯಲ್ಲಿ ಸೋಯಾ ಅಂಶವಿರುವುದರಿಂದಲೇ ಇಲಿ ಬರುತ್ತದೆಂಬ ಮಾತು ಪ್ರಚಾರದಲ್ಲಿದೆ. ಆದರೆ ಸೋಯಾ ಹೆಸರು ಕೇಳದ ಕಾಲದ ಜೀಪುಗಳ ತಂತಿಯನ್ನೂ ಇಲಿ ಕಡಿದಿದೆ. ವಾಹನದಲ್ಲಿ ಅದಕ್ಕೆ ಬೇಕಾದದ್ದು ಮೂರು: ಮಳೆ ತಾಗದ ಕತ್ತಲೆಯ ಮೂಲೆ, ಗೂಡಿಗೆ ಮೆತ್ತನೆಯ ವಸ್ತು, ಹತ್ತಿರದಲ್ಲೇ ಒಂದಿಷ್ಟು ಆಹಾರ. ಚಿಟ್ಟಿಲಿಗೆ ದಿನಕ್ಕೆ ಸುಮಾರು 3 ಗ್ರಾಂ ಆಹಾರ ಸಾಕು. ಆಸನದ ಸಂದಿಗೆ ಬಿದ್ದ ಚುರುಮುರಿ, ಡಬ್ಬಿಯಲ್ಲಿ ಮರೆತ ಶೇಂಗಾ ಚಟ್ನಿ, ಪೇಡೆಯ ಪೊಟ್ಟಣದ ಅಂಟು ಅದಕ್ಕೆ ವಾರಗಳ ಊಟ.

ಪೆನ್ಸಿಲ್ ತೂರುವಷ್ಟು, ಅಂದರೆ ಸುಮಾರು 6 ಮಿಲಿಮೀಟರ್ ತೂತು ಚಿಟ್ಟಿಲಿಗೆ ಹೆಬ್ಬಾಗಿಲು. ಅದರ ಗರ್ಭಾವಧಿ ಸುಮಾರು ಮೂರು ವಾರ. ಒಂದು ಸೂಲಿಗೆ ಐದಾರು ಮರಿ. ಮರಿ ಆರರಿಂದ ಎಂಟು ವಾರಗಳಲ್ಲಿ ತಾನೇ ತಾಯಾಗಲು ಸಿದ್ಧ. ಜೂನ್ ತಿಂಗಳಲ್ಲಿ ಒಳಹೊಕ್ಕ ಒಂದು ಬಸುರಿ ಇಲಿ ದಸರೆಯ ಹೊತ್ತಿಗೆ ಅಜ್ಜಿಯಾಗಿರುತ್ತದೆ. ಆಹಾರವಿದ್ದಲ್ಲಿ ಇಲಿಯ ಸಂತತಿ ಹೇಗೆ ಏರುತ್ತದೆಂಬುದಕ್ಕೆ ಮಿಜೋರಾಂ ಸಾಕ್ಷಿ. ಅಲ್ಲಿ 1958–59ರಲ್ಲಿ ಮತ್ತು 2006–08ರಲ್ಲಿ ಬಿದಿರು ಹೂಬಿಟ್ಟು ಅಕ್ಕಿ ಉದುರಿದಾಗ ಇಲಿಗಳು ಮಿತಿಮೀರಿ, ಹೊಲದ ಬೆಳೆಯನ್ನೇ ಮುಗಿಸಿ ಕ್ಷಾಮ ತಂದವು. ಆಹಾರವನ್ನು ಹಾಗೆಯೇ ಬಿಟ್ಟು ಇಲಿಯನ್ನು ಮಾತ್ರ ಕೊಲ್ಲುವುದು ತೂತುಕೊಡಕ್ಕೆ ನೀರು ತುಂಬಿದಂತೆ.

ರೋಗದ ದಾರಿ

ಇಲಿಯ ಉಪದ್ರವವನ್ನು ದುರಸ್ತಿಯ ಖರ್ಚಿನಲ್ಲಿ ಮಾತ್ರ ಅಳೆಯಬಾರದು. 1898ರಲ್ಲಿ ಪ್ಲೇಗ್ ಮಾರಿಗೆ ಹುಬ್ಬಳ್ಳಿ ತತ್ತರಿಸಿತು. ಹಾಫ್ಕಿನ್ ಸಿದ್ಧಪಡಿಸಿದ ಲಸಿಕೆಯನ್ನು ಅಲ್ಲಿ ಸಹಸ್ರಾರು ಜನರಿಗೆ ಚುಚ್ಚಲಾಯಿತು. ಅದೇ ವರ್ಷ, ಧಾರವಾಡ ಜಿಲ್ಲೆ ಸೇರಿದ್ದ ಮುಂಬಯಿ ಪ್ರಾಂತದ್ದೇ ಆದ ಕರಾಚಿಯಲ್ಲಿ, ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯನು ರೋಗವು ಇಲಿಯಿಂದ ಇಲಿಗೆ ಚಿಗಟದ ಮೂಲಕ ದಾಟುವುದನ್ನು ಪ್ರಯೋಗದಿಂದ ತೋರಿಸಿದನು. ಪ್ಲೇಗಿನ ಆ ದಿನಗಳು ಹೋದವು. ಆದರೆ ಇಲಿಜ್ವರ ಹೋಗಿಲ್ಲ. ಇಲಿಯ ಮೂತ್ರದಲ್ಲಿರುವ ಲೆಪ್ಟೊಸ್ಪೈರಾ ಜೀವಾಣು ಕಾಲಿನ ಗಾಯ, ಬಿರುಕು ಬಿಟ್ಟ ಚರ್ಮ, ಕಣ್ಣು ಬಾಯಿಗಳ ಒಳಪದರದ ಮೂಲಕ ದೇಹ ಸೇರುತ್ತದೆ. ಯಕೃತ್ತು ಮತ್ತು ಮೂತ್ರಪಿಂಡಗಳನ್ನು ಹಾಳುಮಾಡಬಲ್ಲದು. ಕೆಸರಿನಲ್ಲಿ ದುಡಿಯುವ ಮಲೆನಾಡಿನ ರೈತನಿಗೆ ಈ ಜ್ವರ ಅಪರಿಚಿತವಲ್ಲ. ಹಾಸಿಗೆಯಿರುವ ವಾಹನದಲ್ಲಿ ಮಕ್ಕಳು ಮಲಗುತ್ತಾರೆ ಎಂಬುದನ್ನು ನೆನೆದರೆ ಇಲಿಯ ಹಿಕ್ಕೆ ಸಣ್ಣ ವಿಷಯವಲ್ಲ.

ಇನ್ನೊಂದು ಅಪಾಯ ಒಲೆಯದು. ಕ್ಯಾರವಾನಿನಲ್ಲಿ ಅನಿಲ ಸಿಲಿಂಡರಿನಿಂದ ಒಲೆಗೆ ಹೋಗುವ ರಬ್ಬರ್ ಕೊಳವೆಯನ್ನು ಇಲಿ ಕಡಿದರೆ, ಮುಚ್ಚಿದ ವಾಹನದಲ್ಲಿ ಅನಿಲ ತುಂಬುತ್ತದೆ. ಹೊದಿಕೆ ಕಳಚಿದ ಎರಡು ತಂತಿಗಳು ತಾಗಿ ಹಾರಿದ ಒಂದು ಕಿಡಿ ಸಾಕು.

ಪಾಷಾಣ ಏಕೆ ಬೇಡ?

ಸಂತೆಯಲ್ಲಿ ಸಿಗುವ ವಿಷಗಳು ಹಲವು ಬಗೆ. ಹಳದಿ ರಂಜಕದ ಇಲಿಪೇಸ್ಟು ಯಕೃತ್ತನ್ನು ಕೊಲ್ಲುತ್ತದೆ; ಅದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಮಗುವಿನ ಕೈಗೆ ಸಿಕ್ಕಿದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಧಾನ್ಯ ಸಂಗ್ರಹಣೆಗೆ ಬಳಸುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಯು ತೇವ ತಾಗಿದೊಡನೆ ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತದೆ. ಅದನ್ನು ವಾಹನದೊಳಗೆ ಇಡುವುದೆಂದರೆ ಅಲ್ಲಿ ಮಲಗುವವರ ಪ್ರಾಣದೊಡನೆ ಆಟವಾಡಿದಂತೆ. ಸತುವಿನ ಫಾಸ್ಫೈಡ್ ಬೆರೆಸಿದ ತುತ್ತನ್ನು ಒಮ್ಮೆ ರುಚಿ ನೋಡಿ ಬದುಕಿದ ಇಲಿ ಮತ್ತೆ ಅದನ್ನು ಮುಟ್ಟುವುದಿಲ್ಲ.

ಬ್ರೋಮಡಿಯೊಲೋನ್ ಬಿಲ್ಲೆಗಳು ರಕ್ತ ಹೆಪ್ಪುಗಟ್ಟುವುದನ್ನು ತಡೆದು ಕೊಲ್ಲುತ್ತವೆ. ತಿಂದ ಇಲಿ ಸಾಯಲು ಹಲವು ದಿನ ಹಿಡಿಯುತ್ತದೆ. ಅದು ನೀರು ಹುಡುಕಿ ಹೊರಗೆ ಹೋಗಿ ಸಾಯುತ್ತದೆಂಬುದು ಮಾರುವವರ ಮಾತು. ಎಷ್ಟೋ ಸಲ ಅದು ಗೂಡಿನಲ್ಲೇ, ಗಾಳಿಯ ಕೊಳವೆಯೊಳಗೋ ಮಾಡಿನ ತಗಡಿನ ಹಿಂದೆಯೋ ಸಾಯುತ್ತದೆ. ವಾಹನವನ್ನು ಬಿಚ್ಚದೆ ಅದನ್ನು ತೆಗೆಯಲಾಗದು. ಹೊರಗೆ ಹೋದರೆ ಇನ್ನೂ ಕೇಡು. ವಿಷದಿಂದ ಮಂಕಾಗಿ ತೂರಾಡುವ ಇಲಿ ಕಣಜ ಗೂಬೆಗೆ, ಕೇರೆಹಾವಿಗೆ, ಮುಂಗುಸಿಗೆ, ಮನೆಯ ಬೆಕ್ಕಿಗೆ ಸುಲಭದ ತುತ್ತು. ಇಲಿಯ ಯಕೃತ್ತಿನಲ್ಲಿ ಉಳಿದ ವಿಷ ತಿಂದವರ ಯಕೃತ್ತನ್ನು ಸೇರುತ್ತದೆ. ಸಂಬಳವಿಲ್ಲದೆ ರಾತ್ರಿಯಿಡೀ ಕಾವಲಿದ್ದ ಕಾವಲುಗಾರರನ್ನು ಕೊಂದು, ಕಳ್ಳನ ಬಂಧುಬಳಗಕ್ಕೆ ದಾರಿ ಬಿಟ್ಟುಕೊಟ್ಟಂತಾಯಿತು.

ಅಂಟುಹಲಗೆಯೂ ಬೇಡ. ಅದರಲ್ಲಿ ಸಿಕ್ಕ ಜೀವ ಗಂಟೆಗಟ್ಟಲೆ ನರಳುತ್ತದೆ. ಹಲ್ಲಿ, ಹಕ್ಕಿಗಳೂ ಅಂಟಿಕೊಳ್ಳುತ್ತವೆ. ನುಸಿಗುಳಿಗೆಯ ಆವಿ ಮುಚ್ಚಿದ ವಾಹನದಲ್ಲಿ ಇಲಿಗಿಂತ ಮಕ್ಕಳಿಗೆ ಹೆಚ್ಚು ಹಾನಿಕರ. ಕಿವಿಗೆ ಕೇಳದ ಸದ್ದಿನಿಂದ ಇಲಿ ಓಡಿಸುವ ಯಂತ್ರಗಳ ವಿಷಯದಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ 60ಕ್ಕೂ ಹೆಚ್ಚು ತಯಾರಕರಿಗೆ ಮತ್ತು ಮಾರಾಟಗಾರರಿಗೆ ಎಚ್ಚರಿಕೆಯ ಪತ್ರ ಬರೆದಿತ್ತು. ಇಲಿ ಆ ಸದ್ದಿಗೆ ಕೆಲವೇ ದಿನಗಳಲ್ಲಿ ಒಗ್ಗಿಕೊಳ್ಳುತ್ತದೆ.

ಮಾಡಬೇಕಾದದ್ದು

ಹಿರಿಯರಿಗೆ ಈ ವಿದ್ಯೆ ತಿಳಿದಿತ್ತು. ಮಲೆನಾಡಿನಲ್ಲಿ ಭತ್ತದ ಕಣಜವನ್ನು ನೆಲದಿಂದ ಎತ್ತರಿಸಿ ಕಟ್ಟಿದರು; ಬಯಲುಸೀಮೆಯಲ್ಲಿ ಹಗೇವಿನ ಬಾಯನ್ನು ಭದ್ರವಾಗಿ ಮುಚ್ಚಿದರು; ತೆಂಗಿನ ಕಾಂಡಕ್ಕೆ ತಗಡಿನ ಪಟ್ಟಿ ಸುತ್ತಿದರು. ಇಲಿಯ ದಾರಿಯನ್ನು ಕಟ್ಟುವುದೇ ಇವೆಲ್ಲದರ ತತ್ತ್ವ. ವಾಹನಕ್ಕೂ ಅದೇ ತತ್ತ್ವ ಸಲ್ಲುತ್ತದೆ. ಕ್ರಮ ಮಾತ್ರ ತಪ್ಪಬಾರದು.

ಮೊದಲನೆಯದು, ತೆರವು. ತಿನ್ನುವ ವಸ್ತು, ಹಾಸಿಗೆ, ಹೊದಿಕೆ, ಹಳೆಯ ಪತ್ರಿಕೆ ಎಲ್ಲವನ್ನೂ ಹೊರಗೆ ತೆಗೆಯಬೇಕು. ಬಾಗಿಲು ಕಿಟಕಿಗಳನ್ನು ಅರ್ಧ ಗಂಟೆ ತೆರೆದಿಟ್ಟು ಅನಂತರವೇ ಒಳಹೋಗಬೇಕು. ಹಿಕ್ಕೆಯನ್ನು ಒಣಗಿದ್ದಾಗ ಕಸಬರಿಗೆಯಿಂದ ಗುಡಿಸಬಾರದು, ಧೂಳು ಉಸಿರಿಗೆ ಸೇರುತ್ತದೆ. ಬ್ಲೀಚಿಂಗ್ ಪುಡಿಯ ನೀರು ಚಿಮುಕಿಸಿ, ಐದು ನಿಮಿಷ ನೆನೆಯಲು ಬಿಟ್ಟು, ಕೈಗವಸು ಧರಿಸಿ, ಮೂಗು ಬಾಯಿ ಮುಚ್ಚಿಕೊಂಡು ಒರೆಸಿ ತೆಗೆಯಬೇಕು. ಎಂಜಿನ್ನಿಗೆ ಗಾಳಿ ಸೋಸುವ ಫಿಲ್ಟರಿನ ಪೆಟ್ಟಿಗೆಯನ್ನು ಬಿಚ್ಚಿ ನೋಡಬೇಕು; ಗೂಡಿಗೆ ಅದು ಇಲಿಯ ಮೆಚ್ಚಿನ ತಾಣ.

ಎರಡನೆಯದು, ದಾರಿಯ ಶೋಧ. ಸಂಜೆ ವಾಹನದ ನೆಲದ ಮೇಲೆ ಸೋಸಿದ ಬೂದಿಯನ್ನು ತೆಳುವಾಗಿ ಉದುರಿಸಿದರೆ ಬೆಳಿಗ್ಗೆ ಹೆಜ್ಜೆಗುರುತುಗಳೇ ದಾರಿ ಹೇಳುತ್ತವೆ. ತಂತಿ, ಕೊಳವೆಗಳು ನೆಲವನ್ನು ಹಾದುಹೋಗುವ ತೂತು, ಬಾಗಿಲಿನ ಸವೆದ ರಬ್ಬರು, ತುಕ್ಕು ತಿಂದ ಮೂಲೆ, ಇವು ಸಾಮಾನ್ಯ ಪ್ರವೇಶದ್ವಾರಗಳು.

ಮೂರನೆಯದು, ಹಿಡಿಯುವುದು. ಒಂದು ವ್ಯಾನಿಗೆ ನಾಲ್ಕಾರು ಇಲಿಕತ್ತರಿ ಬೇಕು. ಇಲಿ ಬಯಲಿನಲ್ಲಿ ಓಡದು, ಗೋಡೆಯ ಬುಡ ಹಿಡಿದು ಸಾಗುತ್ತದೆ. ಆದುದರಿಂದ ತುತ್ತಿನ ತುದಿ ಗೋಡೆಗೆ ತಾಗುವಂತೆ ಕತ್ತರಿಯನ್ನು ಅಡ್ಡಲಾಗಿ ಇಡಬೇಕು. ಅರೆದ ಶೇಂಗಾ, ಒಣಕೊಬ್ಬರಿ, ಭಜಿಯ ಚೂರು, ಯಾವುದಾದರೂ ಕಡಲೆಕಾಳಿನಷ್ಟು ಸಾಕು. ಚಿಟ್ಟಿಲಿ ಕುತೂಹಲಿ, ಮೊದಲ ರಾತ್ರಿಯೇ ಬೀಳಬಹುದು. ದೊಡ್ಡ ಇಲಿ ಸಂಶಯಗ್ರಸ್ತ. ಅದಕ್ಕಾಗಿ ಎರಡು ಮೂರು ರಾತ್ರಿ ಕತ್ತರಿಯನ್ನು ಹೂಡದೆ ತುತ್ತು ಮಾತ್ರ ಇಟ್ಟು ನಂಬಿಸಬೇಕು. ಮಕ್ಕಳ ಕೈಗೆ, ಬೆಕ್ಕಿನ ಕಾಲಿಗೆ ಎಟುಕದ ಜಾಗದಲ್ಲಿಟ್ಟು ಪ್ರತಿದಿನ ಬೆಳಿಗ್ಗೆ ನೋಡಬೇಕು. ಒಂದೇ ಹೊಡೆತಕ್ಕೆ ಮುಗಿಸುವ ಕತ್ತರಿಯು ವಿಷಕ್ಕಿಂತ, ಅಂಟಿಗಿಂತ ಕಡಿಮೆ ಕ್ರೂರ.

ನಾಲ್ಕನೆಯದು, ಮುಚ್ಚುವುದು. ಸಣ್ಣ ತೂತಿಗೆ ಪಾತ್ರೆ ಉಜ್ಜುವ ಉಕ್ಕಿನ ನಾರನ್ನು ಗಿಡಿದು ಮೇಲೆ ಅಂಟು ಮೆತ್ತಬೇಕು. ಬರಿಯ ಬಟ್ಟೆ, ಸ್ಪಂಜು, ಮರದ ಬೆಣೆ ಒಂದೇ ರಾತ್ರಿಯ ಕೆಲಸ. ಗಾಳಿ ಬರುವ ಜಾಗವನ್ನು ಮುಚ್ಚಿಬಿಡದೆ 6 ಮಿಲಿಮೀಟರಿಗಿಂತ ಕಿರಿದಾದ ಕಣ್ಣಿನ ಉಕ್ಕಿನ ಜಾಲರಿ ಹಾಕಬೇಕು. ಹೊಗೆಕೊಳವೆಯ ಸಮೀಪ ಬೆಂಕಿ ಹಿಡಿಯುವ ಯಾವ ವಸ್ತುವನ್ನೂ ತುರುಕಬಾರದು. ಮುಚ್ಚಿದ ಮೇಲೂ ಒಂದು ವಾರ ಕತ್ತರಿಗಳು ಒಳಗಿರಲಿ, ಉಳಿದವು ಸಿಕ್ಕಿಬೀಳುತ್ತವೆ.

ಕೊನೆಯದು, ನಿಲ್ಲಿಸುವ ರೀತಿ. ಕೊಂಬೆ ತಾಗುವಲ್ಲಿ, ಬಳ್ಳಿ ಹಬ್ಬಿದ ಗೋಡೆಗೆ ಒತ್ತಿ, ಸೌದೆಯ ರಾಶಿಯ ಬದಿಯಲ್ಲಿ ವಾಹನ ನಿಲ್ಲಿಸಬಾರದು. ವಾರಕ್ಕೊಮ್ಮೆಯಾದರೂ ಬಾನೆಟ್ ಎತ್ತಿ ನೋಡಿ, ನಾಲ್ಕು ಮಾರು ಸರಿಸಿ ನಿಲ್ಲಿಸಬೇಕು. ತಿಂಗಳುಗಟ್ಟಲೆ ನಿಲ್ಲುವುದಾದರೆ ಬ್ಯಾಟರಿಯ ಸಂಪರ್ಕ ತಪ್ಪಿಸಿ, ಸಿಲಿಂಡರನ್ನು ಹೊರಗೆ ತೆಗೆದಿಡಬೇಕು. ಅನಿಲದ ಕೊಳವೆಗೆ ಉಕ್ಕಿನ ಹೆಣಿಗೆಯ ಹೊದಿಕೆ ಇರಲಿ. ಮತ್ತೆ ಹೊರಡುವ ಮೊದಲು ತಂತಿ, ಕೊಳವೆಗಳನ್ನು ಕಣ್ಣಾರೆ ನೋಡಿಯೇ ಕೀಲಿ ತಿರುಗಿಸಬೇಕು.

ಬೆಟ್ಟದ ಪಾಲು

ಮಾಳಮಡ್ಡಿಯ ಇಲಿಗೂ ಮಲೆನಾಡಿಗೂ ಏನು ಸಂಬಂಧವೆಂದು ಕೇಳುವವರಿದ್ದಾರೆ. ಸಂಬಂಧವು ಚಕ್ರದ ಮೇಲೆ ಉರುಳುತ್ತದೆ. ದಸರೆಗೆ ಹೊರಟ ವಾಹನದ ಆಸನದಡಿಯ ಇಲಿ ಸಂಜೆಗೆ ಕಾಡಂಚಿನ ಹಳ್ಳಿಯ ಕೊಟ್ಟಿಗೆಯ ಬಳಿ ಇಳಿಯುತ್ತದೆ. ಬೋನಿನಲ್ಲಿ ಹಿಡಿದ ಇಲಿಯನ್ನು ಪಾಪಭೀರುಗಳು ಘಟ್ಟದ ರಸ್ತೆಯಲ್ಲಿ ಬಿಟ್ಟು ಕೈತೊಳೆದುಕೊಳ್ಳುತ್ತಾರೆ. ಪುಣ್ಯ ಪೇಟೆಗೆ, ಇಲಿ ಹಳ್ಳಿಗೆ. ಹಿಂದಿರುಗುವಾಗ ಕಾಡಿನ ಇಲಿಯೂ ಪೇಟೆಗೆ ಬರಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯನ್ನು ಹರಡುವ ಉಣುಗುಗಳು ತಮ್ಮ ಎಳೆಯ ಹಂತದಲ್ಲಿ ಇಲಿ, ಸೊಂಡಿಲಿಯಂಥ ಸಣ್ಣ ಪ್ರಾಣಿಗಳ ರಕ್ತ ಹೀರಿ ಬೆಳೆಯುತ್ತವೆ ಎಂಬುದನ್ನು ಮರೆಯಲಾಗದು. ಆದುದರಿಂದ ವಾಹನವನ್ನು ಮನೆಯಂಗಳದಲ್ಲೇ ಶುಚಿಮಾಡಿ ಹೊರಡುವುದು ಪ್ರವಾಸಿಗನ ಕರ್ತವ್ಯ. ಅದನ್ನು ಕೇಳಿ ತಿಳಿದುಕೊಳ್ಳುವುದು ಅತಿಥಿಗೆ ಇಂಬು ಕೊಡುವ ಹಳ್ಳಿಯ ಹಕ್ಕು.

ವಿದ್ಯಾರ್ಥಿಗಳು ತಮ್ಮ ಊರಿನಲ್ಲಿ ಒಂದು ಕೆಲಸ ಮಾಡಬಹುದು. ಪೊಟರೆಯಿರುವ ಹಳೆಯ ಮರವನ್ನೂ ಪಾಳುಬಿದ್ದ ಕಣಜದ ಮಾಡನ್ನೂ ಸಂಜೆ ಹೊತ್ತು ಗಮನಿಸಿ, ಕಣಜ ಗೂಬೆ ಎಲ್ಲಿ ನೆಲೆಸಿದೆಯೆಂದು ಗುರುತಿಸಿ, ಆ ಸುತ್ತಿನ ಮನೆಗಳಿಗೆ ಹೋಗಿ ಪಾಷಾಣ ಇಡಬೇಡಿರೆಂದು ತಿಳಿಹೇಳಬಹುದು. ಗೂಬೆಯ ಕೂಗು ಅಪಶಕುನವೆಂದು ಅಂಜುವ ಅಜ್ಜಿಗೆ, ಅದು ಇಲಿಯ ಪಾಲಿಗೆ ಮಾತ್ರ ಅಪಶಕುನವೆಂದು ಹೇಳಿದರೆ ಅವರೂ ನಗುತ್ತಾರೆ.

ಇಲಿಯನ್ನು ಲೋಕದಿಂದ ಅಳಿಸುವುದು ಯಾರಿಂದಲೂ ಆಗದು, ಆಗಬೇಕಾಗಿಯೂ ಇಲ್ಲ. ಅದು ಹೊಲದ ಬದುವಿನಲ್ಲಿರಲಿ, ಗೂಬೆಯ ಕಣ್ಣಳತೆಯಲ್ಲಿರಲಿ. ಮಕ್ಕಳು ಮಲಗುವ ಹಾಸಿಗೆಯ ಕೆಳಗೆ ಅದು ಬಾರದಂತೆ ಮಾಡಲು ಒಂದು ಹಿಡಿ ಉಕ್ಕಿನ ನಾರು, ನಾಲ್ಕು ಕತ್ತರಿ, ಒಂದು ಭಾನುವಾರದ ದುಡಿಮೆ ಸಾಕು.