ಗಲ್ಲಾದ ಹಣ ಓಡುತ್ತದೆ, ಪಗಾರ ಏಕೆ ಕುಂಟುತ್ತದೆ?

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಏಳನೆಯ ತರಗತಿಯವರೆಗೆ ಓದಿದವನು. ಬ್ಯಾಂಕಿನ ಶಾಸ್ತ್ರ ನನಗೆ ತಿಳಿಯದು. ಆದರೆ ಮೇಜು ಒರೆಸುವ ಹುಡುಗನಾಗಿ ಸೇರಿ, ಸಪ್ಲೈಯರನಾಗಿ ವರ್ಷಗಟ್ಟಲೆ ಗಲ್ಲಾದ ಎದುರಿಗೇ ನಿಂತವನು. ಹಣ ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

2012ರ ಮಾತು. ಊರಿನಲ್ಲಿ ತಾಯಿಗೆ ಕಾಯಿಲೆ. ಪಗಾರ ಕೇಳಲು ಹೋದೆ. "ಮದುವೆ ಪಾರ್ಟಿಯವರ ಚೆಕ್ಕು ಇನ್ನೂ ಪಾಸಾಗಿಲ್ಲ ಮಾರಾಯ. ನಾಳೆ ಆದಿತ್ಯವಾರ, ನಾಡಿದ್ದು ಬ್ಯಾಂಕಿಗೆ ರಜೆ" ಎಂದರು ಧಣಿಗಳು. ಅವರು ಸುಳ್ಳಾಡಲಿಲ್ಲ. ಅಂದಿನ ಬ್ಯಾಂಕಿನ ನಡೆ ಹಾಗಿತ್ತು. ನಾನು ಕೈಗಡ ಮಾಡಿ ಊರಿಗೆ ಹಣ ಕಳಿಸಿದೆ.

ಇಂದು ಆ ಕಾಲ ಹೋಯಿತು. 2016ರಲ್ಲಿ ಯುಪಿಐ ಬಂತು. ಗಿರಾಕಿ ಚಹ ಕುಡಿದು ಫೋನು ಹಿಡಿದರೆ ಹಣ ಆಗಲೇ, ತಡವೆಂದರೆ ಮರುದಿನ, ಧಣಿಗಳ ಖಾತೆಗೆ ಜಮಾ. ನೆಫ್ಟ್ 2019ರ ಡಿಸೆಂಬರಿನಿಂದ, ದೊಡ್ಡ ಮೊತ್ತದ ಆರ್‌ಟಿಜಿಎಸ್ 2020ರ ಡಿಸೆಂಬರಿನಿಂದ, ಹಗಲು ರಾತ್ರಿ ರಜೆಯಿಲ್ಲದೆ ನಡೆಯುತ್ತಿವೆ. 2025ರ ಅಕ್ಟೋಬರ್ 4ರಿಂದ ಚೆಕ್ಕೂ ಓಡತೊಡಗಿದೆ. ನಿಗದಿತ ಹೊತ್ತಿನೊಳಗೆ ಬಂದ ಚೆಕ್ಕಿಗೆ ಬ್ಯಾಂಕು ಅದೇ ದಿನ ಸಂಜೆ 7ರೊಳಗೆ ಉತ್ತರ ಹೇಳಬೇಕು.

ನ್ಯಾಯವಾಗಿ ಧಣಿಗಳ ಕಷ್ಟವನ್ನೂ ಹೇಳಬೇಕು. ಮೊದಲು ಕಿರಾಣಿ ವ್ಯಾಪಾರಿಗೆ ಚೆಕ್ಕು ಕೊಟ್ಟರೆ ಅದು ಪಾಸಾಗುವ ಎರಡು ದಿನದಲ್ಲಿ ಗಲ್ಲಾ ತುಂಬುತ್ತಿತ್ತು. ಆ ಸಾವಕಾಶ ಈಗಿಲ್ಲ. ಬರುವುದು ಬೇಗ, ಹೋಗುವುದೂ ಬೇಗ. ಪಾರ್ಸೆಲ್ ಕಂಪನಿಗಳೋ ಕಮಿಷನ್ ಕಳೆದು, ಸಾಮಾನ್ಯವಾಗಿ ವಾರದ ಲೆಕ್ಕ ಕಟ್ಟಿ ಕೊಡುತ್ತವೆ. ಆದ್ದರಿಂದ ಖಾತೆಯಲ್ಲಿ ಕಂಡ ಹಣವೆಲ್ಲ ತನ್ನದೆಂದು ತಿಳಿದವನು ಬಾಡಿಗೆಯ ದಿನ ಬರಿಗೈಯಲ್ಲಿ ನಿಲ್ಲುತ್ತಾನೆ. ಸಂಜೆ ಸಂಜೆ ಲೆಕ್ಕ ಬರೆದು ಹಾಲಿಗೆ, ಬಾಡಿಗೆಗೆ, ತೆರಿಗೆಗೆ ಬೇರೆ ಬೇರೆ ತೆಗೆದಿಡುವವನೇ ಉಳಿಯುತ್ತಾನೆ.

ಹಾಗೆ ತೆಗೆದಿಡುವಾಗ ಪಗಾರವೇ ಕೊನೆಗೆ ಏಕೆ? ಹಾಲಿನವನು ಹಣವಿಲ್ಲದೆ ಹಾಲು ಇಳಿಸುವುದಿಲ್ಲ. ನಾವು ಮಾತ್ರ ಹಣವಿಲ್ಲದೆಯೂ ಬೆಳಿಗ್ಗೆ ಒಲೆ ಹಚ್ಚುತ್ತೇವೆ. ಅದಕ್ಕೇ ನಮ್ಮದು ಕೊನೆ!

ತಡವಾದ ಪಗಾರದ ದಂಡ ತೆರುವವರೂ ನಾವೇ. 2021ರ ಆಗಸ್ಟಿನಿಂದ ಸಾಲದ ಕಂತು ಆದಿತ್ಯವಾರವೂ ಖಾತೆಯಿಂದ ಕತ್ತರಿಸಲ್ಪಡಬಹುದು. ಪಗಾರ ಒಂದು ದಿನ ತಡವಾಗಿ ಕಂತು ಬೌನ್ಸಾದರೆ ಬ್ಯಾಂಕೊಂದು ದಂಡ ಹಾಕುತ್ತದೆ, ಸಾಲ ಕೊಟ್ಟವನು ಇನ್ನೊಂದು.

ನಮ್ಮ ಬೇಡಿಕೆ ದೊಡ್ಡದಲ್ಲ. ಹನ್ನೆರಡು ಜನರ ಪಗಾರ ತಿಂಗಳಿಗೆ 1,80,000 ರೂಪಾಯಿ ಎಂದಿಟ್ಟುಕೊಳ್ಳಿ. ದಿನಕ್ಕೆ 6,000 ರೂಪಾಯಿ ಬೇರೆ ಖಾತೆಯಲ್ಲಿ ಹಾಕಿದರೆ ತಿಂಗಳ ಕೊನೆಗೆ ಪಗಾರ ಸಿದ್ಧ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯಂತೆ ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಕು ಮುಗಿಯುವುದರೊಳಗೆ ಸಿಗಬೇಕು. ಅಂದಮೇಲೆ ನಾವು ಕೇಳುವುದು ಭಿಕ್ಷೆಯಲ್ಲ.

ನಾಳೆ ಯಾರಾದರೂ "ಬ್ಯಾಂಕಿಗೆ ರಜೆ" ಎಂದರೆ ಜಗಳವಾಡಬೇಡಿ. ಒಬ್ಬೊಬ್ಬರೇ ಹೋಗಲೂ ಬೇಡಿ. ಎಲ್ಲರೂ ಕೂಡಿ ಹೋಗಿ, ವಿನಯದಿಂದಲೇ ಕೇಳಿ: "ಧಣಿಗಳೇ, ಇಂದು ಗಿರಾಕಿಯ ಹಣ ಬಂದಿಲ್ಲವೇ?"