ಹಳೆಯ ಬುಲ್‌ಡೋಜರಿಗೆ ಹೊಸ ಆಲ್ಟರ್ನೇಟರ್

ಜಮೀನು ಸಮತಟ್ಟು ಮಾಡುವುದಕ್ಕೆ, ಬದು ಹಾಕುವುದಕ್ಕೆ, ಕೆರೆಯ ಹೂಳು ತೆಗೆಯುವುದಕ್ಕೆ ಬುಲ್‌ಡೋಜರ್ ಬಳಸುವುದು ನಮ್ಮಲ್ಲಿ ಹೊಸದೇನಲ್ಲ. 1964ರಲ್ಲಿ ಸ್ಥಾಪನೆಯಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯ ಕೆ.ಜಿ.ಎಫ್. ಕಾರ್ಖಾನೆಯಿಂದ ಬಂದ ಡಿ-50, ಡಿ-80 ಮಾದರಿಗಳ ಹೆಸರು ಕೇಳದ ಡ್ರೈವರ್ ಅಪರೂಪ. ಹಳೆಯ ಯಂತ್ರವನ್ನು ಕೊಂಡು ಗಂಟೆಯ ಬಾಡಿಗೆಗೆ ನಡೆಸುವವರೂ, ಅದನ್ನು ಬಾಡಿಗೆಗೆ ಕರೆಸುವವರೂ ನಿಮ್ಮಲ್ಲಿ ಇರಬಹುದು. ಇಬ್ಬರಿಗೂ ಉಪಯೋಗವಾಗುವ ಒಂದು ವಿಷಯವನ್ನು ಈ ದಿನ ಹೇಳಬಯಸುತ್ತೇನೆ.

ಸುಗ್ಗಿ ಮುಗಿದ ಮೇಲೆ ಮುಂಗಾರು ಹಿಡಿಯುವವರೆಗಿನ ಎರಡು ಮೂರು ತಿಂಗಳೇ ಭೂಮಿ ಸಮ ಮಾಡಲು ಸಿಗುವ ಕಾಲ. ಆ ಸಮಯದಲ್ಲಿ ಬೆಳಿಗ್ಗೆ ಸ್ವಿಚ್ಚು ಒತ್ತಿದರೆ ಎಂಜಿನ್ ತಿರುಗುವುದಿಲ್ಲ. ಟ್ರ್ಯಾಕ್ಟರಾದರೆ ನಾಲ್ಕು ಜನ ಸೇರಿ ತಳ್ಳಬಹುದು. ಹತ್ತಾರು ಟನ್ ತೂಗುವ ಬುಲ್‌ಡೋಜರನ್ನು ತಳ್ಳುವವರು ಯಾರು? ಆದ್ದರಿಂದ ಡ್ರೈವರ್ ಒಂದು ಉಪಾಯ ಹೂಡುತ್ತಾನೆ. ಒಮ್ಮೆ ಶುರುವಾದ ಎಂಜಿನ್ನನ್ನು ಊಟದ ಹೊತ್ತಿನಲ್ಲೂ ನಿಲ್ಲಿಸುವುದಿಲ್ಲ. ಡೀಸೆಲ್ ಸುಮ್ಮನೆ ಉರಿಯುತ್ತದೆ, ಅವರ್ ಮೀಟರ್ ಓಡುತ್ತದೆ, ಕೆಲಸ ಆಗದ ಗಂಟೆಗೂ ಬಾಡಿಗೆ ಕೊಡಬೇಕೇ ಎಂದು ಜಗಳವಾಗುತ್ತದೆ. ಇದಕ್ಕೆಲ್ಲ ಮೂಲ ಎಷ್ಟೋ ಸಲ ಎಂಜಿನ್ನಿನಲ್ಲಿರುವುದಿಲ್ಲ. ಬ್ಯಾಟರಿ ಚಾರ್ಜು ಮಾಡುವ ವ್ಯವಸ್ಥೆಯಲ್ಲಿರುತ್ತದೆ.

ಮೊದಲು ದೋಷ ಹುಡುಕಿ

ಚಾರ್ಜ್ ಆಗುತ್ತಿಲ್ಲವೆಂದ ಕೂಡಲೆ ಹೊಸ ಸಾಮಾನು ಕೊಳ್ಳಬಾರದು. ಬೆಲ್ಟು ಸಡಿಲವಾಗಿದೆಯೆ, ಬ್ಯಾಟರಿಯ ತುದಿಗಳಲ್ಲಿ ಬಿಳಿ ಹಸಿರು ಪುಡಿ ಕಟ್ಟಿದೆಯೆ, ಅರ್ತ್ ತಂತಿಯ ಬೋಲ್ಟಿನ ಕೆಳಗೆ ತುಕ್ಕು, ಬಣ್ಣ ಇದೆಯೆ ನೋಡಿ. ಇವನ್ನು ಸರಿಪಡಿಸಿ ಬ್ಯಾಟರಿಗಳನ್ನು ಹೊರಗೆ ಪೂರ್ತಿ ಚಾರ್ಜು ಮಾಡಿಸಿ ಒಂದು ರಾತ್ರಿ ಬಿಡಿ. ಒಳ್ಳೆಯ 12 ವೋಲ್ಟ್ ಬ್ಯಾಟರಿ ಆಗ ಸುಮಾರು 12.6 ವೋಲ್ಟ್ ತೋರಿಸಬೇಕು. ಹೈಡ್ರೊಮೀಟರಿನಲ್ಲಿ ಒಂದು ಸೆಲ್ ಮಾತ್ರ ಬಹಳ ಕಡಿಮೆ ತೋರಿಸಿದರೆ ದೋಷ ಬ್ಯಾಟರಿಯದು. ಹೊಸ ಆಲ್ಟರ್ನೇಟರ್ ಅದನ್ನು ಗುಣಪಡಿಸಲಾರದು.

ಡೈನಮೋ ಏಕೆ ಸೋಲುತ್ತದೆ?

ಹಳೆಯ ಯಂತ್ರಗಳಲ್ಲಿರುವ ಡೈನಮೋದಲ್ಲಿ ವಿದ್ಯುತ್ತು ಹುಟ್ಟುವುದು ತಿರುಗುವ ಆರ್ಮೇಚರಿನಲ್ಲಿ. ಅದೆಲ್ಲವೂ ಕಮ್ಯುಟೇಟರ್ ಮತ್ತು ಇದ್ದಿಲಿನ ಬ್ರಷ್ಷುಗಳ ಮೂಲಕವೇ ಹೊರಗೆ ಬರಬೇಕು. ಬುಲ್‌ಡೋಜರಿನ ಧೂಳಿನಲ್ಲಿ ಬ್ರಷ್ಷು, ಕಮ್ಯುಟೇಟರ್ ಎರಡೂ ಬೇಗ ಸವೆಯುತ್ತವೆ. ಎಂಜಿನ್ ನಿಧಾನವಾಗಿ ಓಡುವಾಗ ಡೈನಮೋ ಚಾರ್ಜು ಕೊಡುವುದೇ ಇಲ್ಲವೆನ್ನಬಹುದು. ಕಟೌಟ್ ಪೆಟ್ಟಿಗೆಯ ಪಾಯಿಂಟುಗಳು ಅಂಟಿಕೊಂಡರಂತೂ ಎಂಜಿನ್ ನಿಂತ ಮೇಲೆ ಬ್ಯಾಟರಿಯ ಶಕ್ತಿ ಹಿಂದಕ್ಕೆ ಹರಿದು ಡೈನಮೋ ಸುಡಬಹುದು.

ಆಲ್ಟರ್ನೇಟರಿನಲ್ಲಿ ವಿದ್ಯುತ್ತು ಹುಟ್ಟುವುದು ತಿರುಗದೆ ನಿಂತಿರುವ ಸುರುಳಿಯಲ್ಲಿ. ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸಿ ಬ್ಯಾಟರಿಗೆ ಕೊಡುತ್ತವೆ; ಹಿಂದಕ್ಕೆ ಹರಿಯಗೊಡುವುದಿಲ್ಲ. ಆದ್ದರಿಂದ ಕಟೌಟ್ ಬೇಕಿಲ್ಲ. ಬ್ರಷ್ಷುಗಳಲ್ಲಿ ಹರಿಯುವುದು ಕೆಲವೇ ಆಂಪೇರ್, ಅದೂ ನುಣುಪಾದ ಉಂಗುರಗಳ ಮೇಲೆ. ಹೀಗಾಗಿ ಸವೆತ ಕಡಿಮೆ, ನಿಧಾನದ ಓಟದಲ್ಲೂ ಚಾರ್ಜು ಸಿಗುತ್ತದೆ.

ಆಯ್ಕೆ

ಮೊದಲು ವೋಲ್ಟೇಜ್ ತಿಳಿಯಿರಿ. ದೊಡ್ಡ ಯಂತ್ರಗಳಲ್ಲಿ ಸಾಮಾನ್ಯವಾಗಿ ಎರಡು 12 ವೋಲ್ಟ್ ಬ್ಯಾಟರಿಗಳನ್ನು ಒಂದರ ಹಿಂದೆ ಒಂದು ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಅಂಥದಕ್ಕೆ 24 ವೋಲ್ಟಿನ ಆಲ್ಟರ್ನೇಟರೇ ಬೇಕು.

ಎಷ್ಟು ಆಂಪೇರ್ ಸಾಕು? 70 ವಾಟಿನ ನಾಲ್ಕು ದೀಪಗಳಿದ್ದರೆ ಒಟ್ಟು 280 ವಾಟ್. 24ರಿಂದ ಭಾಗಿಸಿದರೆ ಸುಮಾರು 12 ಆಂಪೇರ್. ಬ್ಯಾಟರಿಗೆ 15 ಆಂಪೇರ್ ಸೇರಿಸಿ. 30ರಿಂದ 35 ಆಂಪೇರಿನದು ಸಾಕಾಗುತ್ತದೆ. ಇದಕ್ಕಿಂತ ಬಹಳ ದೊಡ್ಡದನ್ನು ಹಾಕಿದರೆ ಹಳೆಯ 30 ಆಂಪೇರಿನ ಮೀಟರು, ತಂತಿ ಸುಡುವ ಭಯವಿದೆ.

ಪುಲ್ಲಿಯ ಅಳತೆಯೂ ಮುಖ್ಯ. ಬುಲ್‌ಡೋಜರ್ ಎಂಜಿನ್ ಲಾರಿ ಎಂಜಿನ್ನಿಗಿಂತ ನಿಧಾನ. ಎಂಜಿನ್ ಪುಲ್ಲಿ 200 ಮಿ.ಮೀ., ಆಲ್ಟರ್ನೇಟರ್ ಪುಲ್ಲಿ 80 ಮಿ.ಮೀ. ಇದ್ದರೆ ಎಂಜಿನ್ 600 ಸುತ್ತು ತಿರುಗುವಾಗ ಆಲ್ಟರ್ನೇಟರ್ 1,500 ಸುತ್ತು ತಿರುಗುತ್ತದೆ. ಡೈನಮೋದ ದೊಡ್ಡ ಪುಲ್ಲಿಯನ್ನೇ ಇದಕ್ಕೆ ಹಾಕಿದರೆ ಈ ವೇಗ ಸಿಗದು.

ಜೋಡಣೆ

ಬ್ಯಾಟರಿಯ ಅರ್ತ್ ತಂತಿಯನ್ನು ಮೊದಲು ಬಿಚ್ಚಿ, ಕೊನೆಯಲ್ಲಿ ಹಾಕಿ. ಕೆಲವು ಹಳೆಯ ಯಂತ್ರಗಳಲ್ಲಿ ಪ್ಲಸ್ ತುದಿಯನ್ನು ಅರ್ತ್ ಮಾಡಿರುತ್ತಾರೆ. ಸಾಮಾನ್ಯ ಆಲ್ಟರ್ನೇಟರಿಗೆ ಮೈನಸ್ ಅರ್ತ್ ಬೇಕು. ಇದನ್ನು ನೋಡದೆ ಜೋಡಿಸಿದರೆ ಡಯೋಡುಗಳು ಕ್ಷಣದಲ್ಲಿ ಸುಡುತ್ತವೆ. ಬ್ಯಾಟರಿಗಳನ್ನು ಮೈನಸ್ ಅರ್ತಿಗೆ ಬದಲಿಸಿ, ಆಂಪೇರ್ ಮೀಟರಿನ ಎರಡು ತಂತಿಗಳನ್ನು ಅದಲುಬದಲು ಮಾಡಿ. ಕಾಯಿಲ್ ಸುತ್ತಿದ ಹಳೆಯ ಸ್ಟಾರ್ಟರ್ ಇದರಿಂದ ಹಿಂದುಮುಂದು ತಿರುಗುವುದಿಲ್ಲ. ಆ ಚಿಂತೆ ಬೇಡ.

ಹಳೆಯ ಕಟೌಟ್ ಪೆಟ್ಟಿಗೆಯನ್ನು ಸಂಪೂರ್ಣ ತೆಗೆದುಬಿಡಿ. ಆಲ್ಟರ್ನೇಟರಿಗೆ ಅದರದೇ ರೆಗ್ಯುಲೇಟರ್ ಇರಬೇಕು. ಬ್ರ್ಯಾಕೆಟ್ ದಪ್ಪ ಉಕ್ಕಿನದಾಗಿರಲಿ, ಎರಡು ಪುಲ್ಲಿಗಳೂ ಒಂದೇ ನೇರದಲ್ಲಿರಲಿ. ಬೆಲ್ಟಿನ ನಡುವೆ ಹೆಬ್ಬೆರಳಿನಿಂದ ಒತ್ತಿದರೆ 10ರಿಂದ 15 ಮಿ.ಮೀ. ತಗ್ಗಬೇಕು. ಹತ್ತು ಗಂಟೆ ಓಡಿದ ಮೇಲೆ ಹೊಸ ಬೆಲ್ಟನ್ನು ಮತ್ತೊಮ್ಮೆ ಬಿಗಿ ಮಾಡಿ. ಮುಖ್ಯ ತಂತಿ 10 ಚದರ ಮಿ.ಮೀ. ತಾಮ್ರದ್ದಾಗಿರಲಿ, ತಗಡು ದಾಟುವಲ್ಲಿ ರಬ್ಬರ್ ಬಳೆ ಹಾಕಿ.

ಒಂದು ಸಂಗತಿಯನ್ನು ಹೆಚ್ಚಿನವರು ಮರೆಯುತ್ತಾರೆ. ಡೀಸೆಲ್ ಎಂಜಿನ್ ನಿಲ್ಲುವುದು ಡೀಸೆಲ್ ತಡೆದಾಗ, ಕೀಲಿ ತಿರುಗಿಸಿದಾಗಲ್ಲ. ಎಂಜಿನ್ ನಿಂತರೂ ಕೀಲಿ ಹಾಗೆಯೇ ಉಳಿದರೆ ಆಲ್ಟರ್ನೇಟರಿನ ಫೀಲ್ಡಿಗೆ 2 ಆಂಪೇರ್ ಹರಿಯುತ್ತಿದ್ದರೂ 12 ಗಂಟೆಯಲ್ಲಿ 24 ಆಂಪೇರ್-ಗಂಟೆ ಸೋರಿಹೋಗುತ್ತದೆ. ಎಣ್ಣೆಯ ಒತ್ತಡ ಇಳಿದಾಗ ತಾನಾಗಿ ಕಡಿಯುವ ಸ್ವಿಚ್ಚನ್ನು ಈ ದಾರಿಯಲ್ಲಿ ಹಾಕಿಸಿದರೆ ಒಳ್ಳೆಯದು.

ಪರೀಕ್ಷೆ

ಎಂಜಿನ್ ಶುರು ಮಾಡಿ ಮಧ್ಯಮ ವೇಗದಲ್ಲಿ ಓಡಿಸಿ, ಎರಡೂ ಬ್ಯಾಟರಿಗಳ ಕೊನೆಯ ತುದಿಗಳಲ್ಲಿ ವೋಲ್ಟ್ ನೋಡಿ. ಬ್ಯಾಟರಿ ತುಂಬಿದ ಮೇಲೆ 27.6ರಿಂದ 28.8 ಇರಬೇಕು. 12 ವೋಲ್ಟ್ ಯಂತ್ರವಾದರೆ ಇದರ ಅರ್ಧ. ಎಲ್ಲ ದೀಪ ಹಾಕಿದರೂ 27ಕ್ಕಿಂತ ಇಳಿಯಬಾರದು. 25ರ ಆಸುಪಾಸಿನಲ್ಲೇ ನಿಂತರೆ ಚಾರ್ಜ್ ಆಗುತ್ತಿಲ್ಲ. 30 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಕೂಡಲೆ ನಿಲ್ಲಿಸಿ, ಇಲ್ಲವಾದರೆ ಬ್ಯಾಟರಿ ಕುದಿಯುತ್ತದೆ.

ಮಾಡಬಾರದ ಕೆಲಸಗಳು

ಡೈನಮೋ ಕಾಲದಲ್ಲಿ ತಂತಿಯನ್ನು ಬಾಡಿಗೆ ಮುಟ್ಟಿಸಿ ಕಿಡಿ ಬರುತ್ತದೆಯೆ ಎಂದು ನೋಡುವ ರೂಢಿಯಿತ್ತು. ಆಲ್ಟರ್ನೇಟರಿಗೆ ಇದು ಮೃತ್ಯು. ಎಂಜಿನ್ ಓಡುವಾಗ ಬ್ಯಾಟರಿ ತಂತಿ ಬಿಚ್ಚಬೇಡಿ, ಮೇನ್ ಸ್ವಿಚ್ ಆರಿಸಬೇಡಿ. ಬ್ಲೇಡಿಗೆ, ಟ್ರ್ಯಾಕಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಹಾಗೂ ಆಲ್ಟರ್ನೇಟರಿನ ತಂತಿಗಳನ್ನು ಬಿಚ್ಚಿಡಿ. ರೇಡಿಯೋಗೋ ದೀಪಕ್ಕೋ ಎರಡರಲ್ಲಿ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆಯಬೇಡಿ; ಅದು ಸೊರಗಿ, ಇನ್ನೊಂದು ಹೆಚ್ಚು ಚಾರ್ಜಾಗಿ ಎರಡೂ ಹಾಳಾಗುತ್ತವೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೊರಡುವ ಅನಿಲ ಸಿಡಿಯುವಂಥದು. ಹತ್ತಿರ ಬೀಡಿ ಸೇದಬೇಡಿ.

ರೈತ ಬಾಂಧವರೆ, ಈ ಕೆಲಸವನ್ನು ಬಲ್ಲ ಆಟೋ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಿ, ಆದರೆ ಪಕ್ಕದಲ್ಲಿ ನಿಂತು ಮೇಲಿನ ಅಂಶಗಳನ್ನು ನೀವೇ ಕೇಳಿ ಖಚಿತಪಡಿಸಿಕೊಳ್ಳಿ. ಮುಂಗಾರಿಗೆ ಮುಂಚಿನ ಕೆಲಸ ಶುರುವಾಗುವ ಮೊದಲೇ ಇದು ಮುಗಿದರೆ ಊಟದ ಹೊತ್ತಿನಲ್ಲಿ ಎಂಜಿನ್ ಧೈರ್ಯವಾಗಿ ನಿಲ್ಲಿಸಬಹುದು. ಉಳಿದ ಡೀಸೆಲ್ ಯಂತ್ರದವನಿಗೆ ಲಾಭ, ಉಳಿದ ಬಾಡಿಗೆ ಹೊಲದವನಿಗೆ ಲಾಭ.