ಇವತ್ತೇ ಯಾಕೆ?



ಈ ವಿಚಾರ ಸಂಕಿರಣದ ಆಮಂತ್ರಣ ಪತ್ರಿಕೆಯಲ್ಲಿ ‘ಕ್ರೈಸ್ತ ಮತಾಂತರ ಮತ್ತು ರಕ್ಷಣೆಯ ತುರ್ತು’ ಅಂತ ಅಚ್ಚಾಗಿದೆ. ಮತಾಂತರದ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ನನ್ನನ್ನು ಕಾಡಿದ್ದು ಕೊನೆಯ ಪದ, ತುರ್ತು. ಒಬ್ಬ ಮನುಷ್ಯ ‘ನನಗೆ ರಕ್ಷಣೆ ಬೇಕು, ಅದೂ ಇವತ್ತೇ ಬೇಕು’ ಅನ್ನುತ್ತಾನಲ್ಲ, ಆ ‘ಇವತ್ತೇ’ ಎಲ್ಲಿಂದ ಬರುತ್ತದೆ?

ಮಂಗಳೂರಿಗೆ ಹೋಗಿ ಬರೋಣ. 1834ರಲ್ಲಿ ಅಲ್ಲಿ ಕೆಲಸ ಶುರುಮಾಡಿದ ಬಾಸೆಲ್ ಮಿಶನ್ನಿನ ಶಾಲೆಯಲ್ಲಿ ಆನಂದರಾವ್ ಎಂಬ ಸಾರಸ್ವತ ಹುಡುಗ ಓದುತ್ತಿದ್ದ. ಗುರು ಹರ್ಮನ್ ಮೊಗ್ಲಿಂಗ್, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದವರು. ಪತ್ರಿಕೆ ಹುಟ್ಟಿ ವರ್ಷ ತುಂಬುವ ಮೊದಲೇ, 1844ರ ಜನವರಿ 6ರಂದು, ಆನಂದರಾವ್ ಇಬ್ಬರು ಸಹಪಾಠಿಗಳ ಜೊತೆ ದೀಕ್ಷಾಸ್ನಾನ ಪಡೆದ. ವಯಸ್ಸು ಹತ್ತೊಂಬತ್ತರ ಆಸುಪಾಸು. ಆಗಲೇ ಮದುವೆಯಾಗಿತ್ತು. ಹೊಸ ಹೆಸರು ಹರ್ಮನ್ ಆನಂದರಾವ್ ಕೌಂಡಿನ್ಯ. ಗುರುವಿನ ಹೆಸರನ್ನು ಮುಂದೆ ಇಟ್ಟುಕೊಂಡ, ಬಿಟ್ಟುಬಂದ ಮನೆಯ ಗೋತ್ರವನ್ನು ಹಿಂದೆ ಇಟ್ಟುಕೊಂಡ. ಜಾತಿ ಹೋಯಿತು ಅಂತ ಊರು ಹೇಳಿತು. ಗೋತ್ರ ಮಾತ್ರ ಸಾಯುವ ತನಕ ಸಹಿಯಲ್ಲಿ ಉಳಿಯಿತು!

ಅವನಿಗೆ ಒಂದು ದಿನ ಸಾಕಾಯಿತು. ಹೆಂಡತಿ ಲಕ್ಷ್ಮಿಗೆ ಆ ದಿನ ಬರಲೇ ಇಲ್ಲ. ಕೌಂಡಿನ್ಯ ಮೊಗ್ಲಿಂಗರ ಜೊತೆ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದ. ಆಗಲೂ ಅವಳು ಬರಲಿಲ್ಲ. ಕೊನೆಗೆ 1860ರಲ್ಲಿ ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಹೆಣ್ಣುಮಗಳನ್ನು ಮದುವೆಯಾದ. ನಡುವೆ ಹದಿನಾರು ವರ್ಷ. ಮಿಶನ್ನಿನ ಕಡೆಯಿಂದ ಬಂದ ಕಥೆಗಳಲ್ಲಿ ಕೌಂಡಿನ್ಯನ ನಿರ್ಧಾರ ಮಿಂಚಿನ ಹಾಗೆ ಹೊಳೆಯುತ್ತದೆ. ನನ್ನ ಮನಸ್ಸು ಮಾತ್ರ ಆ ಹದಿನಾರು ವರ್ಷದ ಹೊಸ್ತಿಲಲ್ಲೇ ನಿಂತುಬಿಡುತ್ತದೆ.

ಇನ್ನು ನಮ್ಮ ಭೀಮಾ ತೀರದ ಸೀಮೆ. ಇಲ್ಲಿಗೆ ಬಂದವರು ಬಾಸೆಲ್‌ನವರಲ್ಲ, ಅಮೆರಿಕದ ಮೆಥೋಡಿಸ್ಟರು. ಯಾದಗಿರಿಯ ಹೋಲ್‌ಸ್ಟನ್ ಆಸ್ಪತ್ರೆ ನಿಮಗೆಲ್ಲ ಗೊತ್ತು. ಇವರ ಮೂಲಪುರುಷ ಜಾನ್ ವೆಸ್ಲಿ. ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಭೆಯಲ್ಲಿ ತನ್ನ ಮನಸ್ಸು ತಿರುಗಿದ ಗಳಿಗೆಯನ್ನು ಅವನು ದಿನಚರಿಯಲ್ಲಿ ಬರೆದಿಟ್ಟ: 1738ರ ಮೇ 24, ರಾತ್ರಿ ಸುಮಾರು ಒಂಬತ್ತಕ್ಕೆ ಕಾಲು ಗಂಟೆ ಇರುವಾಗ. ರಕ್ಷಣೆಗೆ ಗಡಿಯಾರ ಬಂದದ್ದು ಹೀಗೆ. ಅವನ ವಾರಸುದಾರರು ಅಮೆರಿಕದ ಬಯಲುಗಳಲ್ಲಿ ಡೇರೆ ಹಾಕಿ, ದಿನಗಟ್ಟಲೆ ಬೋಧಿಸಿ, ಜನರನ್ನು ಆ ಗಳಿಗೆಗೆ ತಂದು ನಿಲ್ಲಿಸುತ್ತಿದ್ದರು. ನಮ್ಮ ಪಕ್ಕದ ವಿಕಾರಾಬಾದ್ ಸೀಮೆಯ ಧಾರೂರಿನಲ್ಲಿ 1923ರಿಂದ ಸೇರುವ ಕ್ರೈಸ್ತ ಸಮಾವೇಶ ಅದೇ ಬಳಗದ್ದು. ಜನ ಅದನ್ನು ಕರೆಯುವುದು ಜಾತ್ರೆ ಅಂತ. ಜಾತ್ರೆ ಅಂದಮೇಲೆ ಮುಂದಿನ ವರ್ಷವೂ ಇರುತ್ತದೆ. ‘ಇವತ್ತೇ’ ಎಂಬ ಮಾತು ವರುಷಕ್ಕೊಮ್ಮೆ ತಿರುಗಿ ಬರುವ ತಿಥಿಯಾಯಿತು. ಇದನ್ನು ಸೋಲು ಅನ್ನಲಾರೆ. ನಮ್ಮ ಮಣ್ಣು ಅವಸರವನ್ನು ಅರಗಿಸಿಕೊಳ್ಳುವ ರೀತಿಯೇ ಹಾಗೆ.

ಹಾಗಂತ ಭೀಮಾ ತೀರದವರಿಗೆ ಅವಸರ ಗೊತ್ತಿರಲಿಲ್ಲ ಅನ್ನಬೇಡಿ. ಅಫಜಲಪುರ ತಾಲ್ಲೂಕಿನ ಬಿದನೂರಲ್ಲಿ ಹುಟ್ಟಿ ಜೇವರ್ಗಿ ಸೀಮೆಯ ಕಡಕೋಳದಲ್ಲಿ ನೆಲೆನಿಂತ ಮಡಿವಾಳಪ್ಪನವರ ತತ್ವಪದಗಳನ್ನು ರಾತ್ರಿ ಭಜನೆಯಲ್ಲಿ ಕೇಳಿದವರಿಗೆ ಗೊತ್ತು: ಉಸಿರಿರುವಾಗಲೇ ಗುರುವನ್ನು ಹಿಡಿ ಎಂಬ ಒತ್ತಾಯ ಅಲ್ಲಿ ಏಕತಾರಿಯ ತಂತಿಯಷ್ಟೇ ಬಿಗಿಯಾಗಿದೆ. ಕ್ರೈಸ್ತ ಬೋಧಕನಿಗೆ ಮುಂದೆ ಬರುವ ನ್ಯಾಯತೀರ್ಪಿನ ಭಯ. ತತ್ವಪದಕಾರನಿಗೆ ಮಣ್ಣಾಗುವ ಮೈಯ ಭಯ. ಇನ್ನೊಂದು ವ್ಯತ್ಯಾಸ ಉಂಟು. ಮಡಿವಾಳಪ್ಪನವರ ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬರಿದ್ದರು. ಗುರು ಸಿಕ್ಕಮೇಲೂ ಅವರು ಜಲಾಲಸಾಹೇಬರೇ. ಹೆಸರು ಬದಲಿಸದೆ, ಮನೆ ಬಿಡದೆ ಗುರುಮಾರ್ಗ ಹಿಡಿಯುವ ದಾರಿ ಇಲ್ಲಿತ್ತು. ಆಳಂದದ ಲಾಡ್ಲೆ ಮಶಾಕ ದರ್ಗಾಕ್ಕೋ ಗಾಣಗಾಪುರದ ದತ್ತನ ಸನ್ನಿಧಿಗೋ ಹರಕೆ ಹೊತ್ತು ಓಡುವವರ ಅವಸರ ಬೇರೆ ಥರದ್ದು, ಮಗುವಿನ ಜ್ವರದ್ದು, ಮೈಮೇಲಿನ ಗಾಳಿಯದ್ದು. ಇವತ್ತು ‘ಪ್ರಾರ್ಥನಿಗಿ ಹೋಗ್ತೀವ್ರೀ’ ಅನ್ನುವ ಮನೆಗಳಲ್ಲೂ ಮೊದಲ ಕಾರಣ ಹೆಚ್ಚಾಗಿ ಒಂದು ಕಾಯಿಲೆ, ಇಲ್ಲವೇ ಗಂಡನ ಕುಡಿತ. ಪಾಪ, ಪರಲೋಕ ಆಮೇಲಿನ ಪಾಠ. ದೇವದರ್ಶನಕ್ಕಿಂತ ಮೊದಲು, ಪಕ್ಕದಲ್ಲಿ ಸಮನಾಗಿ ಕೂರಿಸಿಕೊಂಡರು ಎಂಬ ಕಾರಣವೂ ಇರುತ್ತದೆ. ಅದನ್ನು ಆಮಿಷ ಅಂತ ತಳ್ಳಿಹಾಕುವವರು ತಮ್ಮ ಊರಿನ ಚಹಾದಂಗಡಿಯ ಲೋಟಗಳನ್ನು ಒಮ್ಮೆ ಎಣಿಸಿ ನೋಡಲಿ.

ಈಚೆಗೆ ಸರ್ಕಾರವೂ ಈ ಗಡಿಯಾರಕ್ಕೆ ಕೈ ಹಾಕಿತು. 2022ರ ರಾಜ್ಯದ ಕಾಯ್ದೆಯ ಪ್ರಕಾರ ಮತಾಂತರವಾಗುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು. ಮುಂದಿನ ವರ್ಷದ ಜೂನ್‌ನಲ್ಲಿ ಬೇರೆ ಸರ್ಕಾರದ ಸಂಪುಟ ಅದನ್ನು ರದ್ದುಮಾಡಲು ತೀರ್ಮಾನಿಸಿತು. ರಾಜಕೀಯ ಹಾಗಿರಲಿ. ವೆಸ್ಲಿಯ ಒಂಬತ್ತಕ್ಕೆ ಕಾಲು ಗಂಟೆಯನ್ನು ಕಚೇರಿಯ ಯಾವ ನಮೂನೆಯಲ್ಲಿ ತುಂಬುವುದು? ಆತ್ಮ ತಿಂಗಳ ಮುಂಚೆ ನೋಟೀಸು ಕೊಟ್ಟು ತಿರುಗುವುದಿಲ್ಲ. ಲಕ್ಷ್ಮಿಯಂಥವರಿಗಾದರೆ ಮೂವತ್ತು ದಿನ ಏನೇನೂ ಸಾಲದು.

ಇವತ್ತು, ನಾಳೆ ಇಲ್ಲಿ ಪ್ರಬಂಧಗಳು ಮಂಡನೆಯಾಗುತ್ತವೆ. ಇಂಥವರು ಇಂಥ ದಿನ ದೀಕ್ಷಾಸ್ನಾನ ಪಡೆದರು ಅಂತ ಬರೆದು ತಂದಿದ್ದೀರಿ. ನಾನು ಹಿಂದಿನ ಸಾಲಿನಲ್ಲಿ ಕೂತು ಪ್ರತಿಯೊಬ್ಬರನ್ನೂ ಕೇಳುವವನಿದ್ದೇನೆ: ಆ ರಾತ್ರಿ ಆ ಮನೆಯಲ್ಲಿ ರೊಟ್ಟಿ ಬಡಿದವರು ಯಾರು, ಯಾರು ಉಣ್ಣದೆ ಎದ್ದುಹೋದರು?